ಸದ್ದಿಲ್ಲದ ಡಬ್ಬ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬಂದರೆ ನ್ಯಾಯವಾಗಿಯೇ ಬರುತ್ತದೆ. ಸಿನಿಮಾ ಮಂದಿರದ ಆಪರೇಟರನ್ನು ಮದುವೆಯಾಗಿ, ತಲೆ ನರೆಯುವ ತನಕ ಗಂಡನ ಪಕ್ಕ ಕೂತು ಒಂದೇ ಒಂದು ಸಿನಿಮಾ ನೋಡಿಲ್ಲ ಎಂದರೆ ಯಾವ ಹೆಂಡತಿಗೆ ಕೋಪ ಬರುವುದಿಲ್ಲ, ನೀವೇ ಹೇಳಿ.

ಜನ ಮಾತ್ರ, "ನಿಂಗೇನಮ್ಮ, ದಿನಾ ಸಿನಿಮಾ, ಅದೂ ಪುಕ್ಕಟೆ" ಅನ್ನುತ್ತಿದ್ದರು. ಪುಕ್ಕಟೆಯೇನೋ ಹೌದು. ಹೊಸ ಸಿನಿಮಾ ಬಂದಾಗಲೆಲ್ಲ ಇವರು ಬಾಲ್ಕನಿಯ ಕೊನೆಯ ಸಾಲಿನಲ್ಲಿ ನನಗಾಗಿ ಎರಡು ಸೀಟು ಹಿಡಿದಿಡುತ್ತಿದ್ದರು. "ಪಕ್ಕದ್ದರಲ್ಲಿ ನಾನಿದ್ದೀನಿ ಅಂದ್ಕೋ" ಎಂದು ಹೇಳಿ ಮೆಟ್ಟಿಲು ಹತ್ತಿ ತಮ್ಮ ಕೋಣೆಗೆ ಹೋಗಿಬಿಡುತ್ತಿದ್ದರು. ಆ ಸೀಟಿನಲ್ಲಿ ನನ್ನ ಕೈಚೀಲ ಕೂರುತ್ತಿತ್ತು. ನಗು ಬಂದಾಗ ನಾನು ಪಕ್ಕಕ್ಕೆ ತಿರುಗಿದರೆ ಕೈಚೀಲ. ಅಳು ಬಂದಾಗ ತಿರುಗಿದರೂ ಅದೇ ಕೈಚೀಲ. ಹಿಂದಿನ ಗೋಡೆಯ ಕಿಂಡಿಯಿಂದ ಬೆಳಕು ಬರುತ್ತಿತ್ತಲ್ಲ, ಆ ಬೆಳಕಿನ ಆಚೆ ನನ್ನ ಗಂಡ.

ಅವರದೂ ತಪ್ಪಲ್ಲ ಬಿಡಿ, ಕೆಲಸವೇ ಅಂಥದು. ಆಗಿನ ಸಿನಿಮಾ ಹಲವು ಸುರುಳಿಗಳಲ್ಲಿ ಬರುತ್ತಿತ್ತು. ಕೋಣೆಯಲ್ಲಿ ಎರಡು ಮೆಷಿನ್. ಒಂದರಲ್ಲಿ ಸುರುಳಿ ಓಡುವಾಗ ಇನ್ನೊಂದಕ್ಕೆ ಮುಂದಿನದನ್ನು ಏರಿಸಿ ಕಾಯಬೇಕು. ಸುರುಳಿ ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಅಂಗಿಯ ಗುಂಡಿಯಂಥ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಅದು ಕಂಡ ಕೂಡಲೇ ಹಿಡಿಯನ್ನು ಎಳೆದು ಈ ಮೆಷಿನ್ನಿನಿಂದ ಆ ಮೆಷಿನ್ನಿಗೆ ಸಿನಿಮಾ ದಾಟಿಸಬೇಕು. ಕೆಳಗೆ ಕೂತವರಿಗೆ ದಾಟಿದ್ದೇ ಗೊತ್ತಾಗಬಾರದು. ನಮ್ಮವರ ಕೈಯಲ್ಲಿ ಒಂದು ದಿನವೂ ಗೊತ್ತಾಗಲಿಲ್ಲ, ಆ ಹೆಮ್ಮೆ ನನಗಿದೆ.

ಆಮೇಲೆ ಮಂದಿರ ಮುಚ್ಚಿತು. ಈಗ ಅಲ್ಲಿ ಚಪ್ಪಲಿ ಅಂಗಡಿ ಇದೆ, ಇವರ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಇವರು ಮನೆಗೆ ತಂದದ್ದು ಎರಡು ಖಾಲಿ ಸುರುಳಿ ಡಬ್ಬ. ಒಂದರಲ್ಲಿ ನಾನು ಗುಂಡಿ ಹಾಕಿಟ್ಟೆ, ಇನ್ನೊಂದರಲ್ಲಿ ದಾರದ ಉಂಡೆಗಳು, ಎರಡೂ ನನ್ನ ಕಪಾಟಿನಲ್ಲಿ. ನಾನು ಬಟ್ಟೆ ಆಲ್ಟರ್ ಮಾಡುವವಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಉಬ್ಬಿದ ಹೊಟ್ಟೆಗೆ ಅಂಗಿ ಸಡಿಲ ಮಾಡುವುದು, ಇದೇ. ಹಾಲ್‌ನ ಕಿಟಕಿಯ ಪಕ್ಕ ನನ್ನ ಹೊಲಿಗೆ ಮೆಷಿನ್ನು. ಮಧ್ಯಾಹ್ನ ನಾನು ಹೊಲಿಯುತ್ತಿದ್ದರೆ ಇವರು ಪಕ್ಕದ ಕುರ್ಚಿಯಲ್ಲಿ ಪೇಪರ್ ಮುಖಕ್ಕೆ ಹಾಕಿಕೊಂಡು ಸೊಗಸಾಗಿ ನಿದ್ದೆ ಹೊಡೆಯುತ್ತಾರೆ. ನಾನು ಮೆಷಿನ್ ನಿಲ್ಲಿಸಿದರೆ ಸಾಕು, ಪೇಪರ್ ಸರಿಸಿ, "ಏನಾಯ್ತೇ?" ಎಂದು ಕೇಳುತ್ತಾರೆ.

"ದಾರ ಕಿತ್ತೋಯ್ತು."

"ಹ್ಞೂಂ" ಎಂದು ಮಲಗಿದರೆ, ಮೆಷಿನ್ ಮತ್ತೆ ಶುರುವಾದದ್ದೇ ತಡ, ಗೊರಕೆ.

ಸರಿ, ಮಂದಿರ ಮುಚ್ಚಿತು, ಇನ್ನಾದರೂ ನನ್ನ ಪಾಲಿನ ಗಂಡ ನನಗೆ ಸಿಕ್ಕಿದ ಅಂದುಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಗಳ ಹಳೆಯ ಕಂಪ್ಯೂಟರನ್ನು ಟೀವಿಗೆ ಸಿಕ್ಕಿಸಿ ಸಿನಿಮಾ ಹಾಕಿದರೆ, ಅದು ಸ್ವಲ್ಪ ಹೊತ್ತು ಗರ್ರೆಂದು ಓಡಿ, ಆಮೇಲೆ ಏದುಸಿರು ಬಿಟ್ಟು, ನಾಯಕಿಯ ಬಾಯಿ ಅರ್ಧ ತೆರೆದಿರುವಾಗಲೇ ನಿಂತುಬಿಡುತ್ತಿತ್ತು. ಚಿತ್ರ ನಿಂತಿತೋ, ಇವರು ಎದ್ದರು. ಎದ್ದವರು ಕಂಪ್ಯೂಟರ್ ಡಬ್ಬದ ಹಿಂದೆ ಹೋಗಿ ವೈರು ಅಲ್ಲಾಡಿಸುತ್ತಾ ನಿಂತರೆ ಮತ್ತೆ ಸೋಫಾಗೆ ಬರುವ ಮಾತೇ ಇಲ್ಲ. "ನೀನು ನೋಡು, ನಾನು ಇಲ್ಲಿರ್ತೀನಿ" ಅನ್ನುತ್ತಿದ್ದರು. ಮತ್ತದೇ ಕಥೆ, ಮತ್ತದೇ ಕೈಚೀಲ. ಹೋಗಲಿ ಟೀವಿ ಕಾರ್ಯಕ್ರಮವನ್ನೇ ನೋಡೋಣ ಎಂದರೆ, "ಅಲ್ಲಿ ಯಾವನೋ ಆಪರೇಟರ್ ಇದ್ದಾನೆ ಬಿಡು, ಅವನು ನೋಡ್ಕೋತಾನೆ" ಎಂದು ಹೊರಗೆ ಹೊರಟುಬಿಡುತ್ತಾರೆ.

"ಆ ಡಬ್ಬದ ಸದ್ದಿಗೆ ಯಾರಿಗೆ ತಾನೆ ಕೂರೋಕಾಗುತ್ತೆ? ಹಿಟ್ಟಿನ ಗಿರಣೀಲಿ ಕೂತ ಹಾಗಿದೆ" ಎಂದು ನಾನು ಒಂದು ದಿನ ಕೂಗಾಡಿದೆ.

ಮಗಳು ಇದಕ್ಕೇ ಕಾಯುತ್ತಿದ್ದಳು. ಹಲ್ಲಿನ ಡಾಕ್ಟರ ಬಳಿ ಸಹಾಯಕಿ ಅವಳು. ಹಗಲೆಲ್ಲ ಊರವರ ಬಾಯೊಳಗೆ ಇಣುಕಿ ಬಂದು, ಸಂಜೆ ಕಂಪ್ಯೂಟರಿನಲ್ಲಿ ರಾಕ್ಷಸರನ್ನು ಕೊಚ್ಚುತ್ತಾಳೆ. "ಅಮ್ಮಾ, ಹೊಸದು ಕಟ್ಟಿಸೋಣ. ಒಂದೊಂದು ಭಾಗಾನೂ ನಾವೇ ಆರಿಸಿ ಜೋಡಿಸಬಹುದು. ವಾರವೆಲ್ಲ ನನ್ನ ಗೇಮು, ಭಾನುವಾರ ನಿಮ್ಮ ಸಿನಿಮಾ" ಎಂದಳು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಆದರೂ ಒಪ್ಪಿದೆ.

"ಒಂದೇ ಮಾತು. ಡಬ್ಬ ಸದ್ದು ಮಾಡಕೂಡದು. ಓಡ್ತಿದೆಯೋ ಇಲ್ಲವೋ ಗೊತ್ತೇ ಆಗಬಾರದು."

ನಾನು ಹೀಗೆಂದದ್ದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಮದುವೆಗೆ ಗಂಡು ಹುಡುಕುವ ಕೆಲಸಕ್ಕಿಂತ ಹೆಚ್ಚು. ಅಳೆದೂ ಸುರಿದೂ, ಅಳೆದೂ ಸುರಿದೂ. ಊಟಕ್ಕೆ ಕೂತರೆ ಪ್ರೊಸೆಸರ್, ಬಟ್ಟೆ ಒಣಹಾಕಿದರೆ ಮದರ್‌ಬೋರ್ಡ್. ಈ ಪ್ರೊಸೆಸರಿಗೆ ಆ ಬೋರ್ಡ್ ಆಗುವುದಿಲ್ಲವಂತೆ, ಆ ಬೋರ್ಡಿಗೆ ಈ ಮೆಮೊರಿ ಕೂರುವುದಿಲ್ಲವಂತೆ. ನಮ್ಮ ಹೊಲಿಗೆಯಲ್ಲೂ ಹಾಗೇ ಅಲ್ಲವೇ, ಕಾಜಕ್ಕೆ ತಕ್ಕ ಗುಂಡಿ ಎಂದು ನಾನು ಅರ್ಥ ಮಾಡಿಕೊಂಡೆ. ಜಗಳ ಹತ್ತಿದ್ದು ಗ್ರಾಫಿಕ್ಸ್ ಕಾರ್ಡಿನ ಹತ್ತಿರ. ಆಟದ ಚಿತ್ರಗಳನ್ನೆಲ್ಲ ಮೂಡಿಸುವುದು ಅದೇ. ಮಗಳು ಮೆಚ್ಚಿದ್ದು ಮೊಣಕೈಯಷ್ಟು ಉದ್ದ, ಅದರ ಮೈಮೇಲೆ ಮೂರು ಫ್ಯಾನು.

"ಮೂರಾ? ಒಂದರ ಸದ್ದೇ ತಾಳೋಕಾಗ್ತಿಲ್ಲ, ನೀನು ಮೂರು ತರ್ತೀಯಾ?"

"ಅಮ್ಮಾ, ನಿನಗೆ ಗೊತ್ತಾಗಲ್ಲ ಸುಮ್ನಿರು."

"ನನ್ನ ಮನೆ, ನನ್ನ ಕಿವಿ. ಗೊತ್ತಾಗದೆ ಏನು?"

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಎಂದು ಇವರನ್ನು ಕೇಳಿದರೆ, ಜಾಣರು, ನಕ್ಕು ಪೇಪರ್ ಮುಖಕ್ಕೆ ಎಳೆದುಕೊಂಡರು. ಕೊನೆಗೆ ಮೂವರೂ ಅಂಗಡಿಗೇ ಹೋದೆವು.

ಅಂಗಡಿ ಎಂದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಪೆಟ್ಟಿಗೆಗಳು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಕಂಪ್ಯೂಟರುಗಳು. ಅಂಗಡಿಯವನು ತುಟಿಗಳ ನಡುವೆ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದ. ನಾನು ಗುಂಡುಸೂಜಿ ಕಚ್ಚಿಕೊಂಡು ಮಾತಾಡುವುದು ಹೀಗೇ. ಅದನ್ನು ನೋಡಿ ಮನುಷ್ಯ ಕೆಲಸಗಾರ ಎಂದು ನಂಬಿಕೆ ಬಂತು. ಮಗಳು ಅವನಿಗೆ ಸ್ಕ್ರೂ ಅಣ್ಣ ಎಂದು ಆಗಲೇ ಹೆಸರಿಟ್ಟಿದ್ದಳು.

"ಏನಕ್ಕೆ ಬೇಕಮ್ಮ, ಗೇಮಿಗಾ, ಸಿನಿಮಾಗಾ?" ಎಂದ.

"ಗೇಮಿಗೆ" ಎಂದಳು ಮಗಳು.

"ಸಿನಿಮಾಗೆ" ಎಂದೆ ನಾನು.

ಅವನು ಇವರತ್ತ ನೋಡಿದ. "ನನ್ನನ್ನ ಕೇಳ್ಬೇಡಪ್ಪ, ನಾನು ಬರೀ ಜೊತೆಗೆ ಬಂದವನು" ಎಂದರು ಇವರು.

ನಾನು ನನ್ನ ಬಯಕೆ ಹೇಳಿದೆ. ಸದ್ದು ಇರಬಾರದು, ಟೀವಿ ಸ್ಟ್ಯಾಂಡಿನೊಳಗೆ ಕೂರಬೇಕು. ಚೀಲದಿಂದ ಟೇಪು ತೆಗೆದು, ಸ್ಟ್ಯಾಂಡಿನ ಅಳತೆಯನ್ನು ಅವನ ಮೇಜಿನ ಮೇಲೇ ಚಾಕ್‌ಪೀಸಿನಲ್ಲಿ ಗೀಚಿ ತೋರಿಸಿದೆ. ಅವನು ತುಟಿಯಿಂದ ಸ್ಕ್ರೂ ತೆಗೆದ. "ಅಮ್ಮ, ಇಷ್ಟು ಜಾಗಕ್ಕೆ ಚಿಕ್ಕ ಡಬ್ಬವೇ ಬರೋದು. ಚಿಕ್ಕ ಡಬ್ಬಕ್ಕೆ ಚಿಕ್ಕ ಫ್ಯಾನು. ಚಿಕ್ಕ ಫ್ಯಾನು ಜೋರಾಗಿ ತಿರುಗ್ಬೇಕು, ಜೋರಾಗಿ ತಿರುಗಿದ್ರೆ ಕಿರುಚುತ್ತೆ. ದೊಡ್ಡ ಫ್ಯಾನಾದ್ರೆ ಆರಾಮಾಗಿ, ಮೆಲ್ಲಗೆ ತಿರುಗುತ್ತೆ. ನಿಮ್ಮ ಮಗಳು ಕೇಳ್ತಿರೋ ಕಾರ್ಡ್ ಇದೆಯಲ್ಲ, ಮೂರು ಫ್ಯಾನಿಂದು, ಸಿನಿಮಾ ನೋಡುವಾಗ ಅದು ಬಿಸಿಯೇ ಆಗಲ್ಲ. ಮೂರೂ ಫ್ಯಾನು ನಿಂತೇ ಬಿಡುತ್ತೆ."

ಮಗಳು ಹುಬ್ಬು ಹಾರಿಸಿ ನನ್ನನ್ನು ನೋಡಿದಳು. ಹೊಟ್ಟೆ ಉರಿಯಿತು, ಆದರೆ ಸದ್ದು ಬೇಡ ಎಂದವಳು ನಾನೇ.

"ಹಾಗಾದ್ರೆ ದೊಡ್ಡ ಡಬ್ಬ ಎಲ್ಲಿಡೋದು?"

"ಸ್ಟ್ಯಾಂಡ್ ಪಕ್ಕದಲ್ಲಿ ನಿನ್ನ ಗುಂಡಿ, ದಾರದ ಕಪಾಟಿದೆಯಲ್ಲ..." ಎಂದು ಮಗಳು ಮೆಲ್ಲಗೆ ರಾಗ ಎಳೆದಳು.

ಆ ಕಪಾಟು ಅಲ್ಲಿ ಇಂದು ನಿನ್ನೆಯಿಂದ ಇದೆಯೇ? ಕೈ ಚಾಚಿದರೆ ಯಾವ ಬಣ್ಣದ ದಾರ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಬೇರೆ ದಿನವಾಗಿದ್ದರೆ ಮಗಳ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಆದರೆ ಇವರು ಅಂಗಡಿಯ ಮೂಲೆಯಲ್ಲಿ ಕೈಕಟ್ಟಿ ನಿಂತು, ಬಿಚ್ಚಿಟ್ಟ ಮೆಷಿನ್ನುಗಳನ್ನು ನೋಡುತ್ತಿದ್ದ ರೀತಿ ಕಂಡು ಕೈ ಏಳಲಿಲ್ಲ. ಒಂದೇ ಒಂದು ಸಿನಿಮಾ, ಇವರ ಪಕ್ಕ, ಮೊದಲಿನಿಂದ ಕೊನೆಯ ತನಕ. ಅದಕ್ಕಿಂತ ಕಪಾಟು ಹೆಚ್ಚೇ? "ಎತ್ತಿ ಆಚೆ ಇಡಿ ಕಪಾಟನ್ನ" ಎಂದುಬಿಟ್ಟೆ. ಮಗಳು ಅಂಗಡಿಯಲ್ಲೇ ನನ್ನನ್ನು ಅಪ್ಪಿಕೊಂಡಳು.

ಅಲ್ಲಿಂದ ಆಚೆಗೆ ನಾವಿಬ್ಬರೂ ಒಂದೇ ಪಕ್ಷ. ಕಟಕಟ ಎನ್ನುವ ಹಾರ್ಡ್ ಡಿಸ್ಕ್ ಬೇಡ, ಒಳಗೆ ಏನೂ ತಿರುಗದ ಎಸ್‌ಎಸ್‌ಡಿ ಇರಲಿ ಎಂದೆವು. ಪವರ್ ಸಪ್ಲೈ ಕೂಡ ಕೆಲಸ ಹೆಚ್ಚಾದಾಗ ಮಾತ್ರ ಫ್ಯಾನು ತಿರುಗಿಸುವಂಥದು. ಡಬ್ಬಕ್ಕೆ ಒಳಗೆ, ಸದ್ದು ಹೀರಲೆಂದು, ದಪ್ಪ ಸ್ಪಂಜಿನ ಅಸ್ತರಿ. ಅಸ್ತರಿ ಎಂದ ಮೇಲೆ ನನ್ನ ಕೈಯಾಡದೆ ಇರುತ್ತದೆಯೇ, ಮೂಲೆಗಳಲ್ಲಿ ಸರಿಯಾಗಿ ಕೂತಿದೆಯೋ ಎಂದು ಉಗುರಿನಲ್ಲಿ ಎಳೆದು ನೋಡಿದೆ. ಕೊನೆಗೆ ಪ್ರೊಸೆಸರನ್ನು ತಣ್ಣಗಿಡುವ ಫ್ಯಾನು ಆರಿಸುವುದು ಉಳಿಯಿತು. ಸ್ಕ್ರೂ ಅಣ್ಣ ಎರಡನ್ನು ಮೇಜಿನ ಮೇಲಿಟ್ಟು ಓಡಿಸಿದ. ಒಂದರ ಹತ್ತಿರ ಕಿವಿ ಇಟ್ಟರೂ ಉಸಿರಿಲ್ಲ. ಇನ್ನೊಂದು ಗುಂಯ್ ಎನ್ನುತ್ತಿತ್ತು.

"ಸರ್, ನೀವು ಹೇಳಿ, ಯಾವುದು?" ಎಂದ.

ಇವರು ಮುಂದೆ ಬಂದು ಬಗ್ಗಿ ಎರಡನ್ನೂ ಆಲಿಸಿದರು. ಗುಂಯ್ ಎನ್ನುವುದರ ಮೇಲೆ ಬೆರಳಿಟ್ಟು, "ಇದು ಚೆನ್ನಾಗಿ ಓಡ್ತಿದೆ" ಎಂದರು.

ನಾನು, ಮಗಳು, ಸ್ಕ್ರೂ ಅಣ್ಣ, ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಾಪ, ಮೆಷಿನ್ನುಗಳ ನಡುವೆ ಇದ್ದು ಇದ್ದು ಕಿವಿ ಮಂದವಾಗಿದೆ ಎಂದು ನಾನೇ ಸ್ಕ್ರೂ ಅಣ್ಣನಿಗೆ ಸಮಜಾಯಿಷಿ ಹೇಳಿದೆ. ಉಸಿರಿಲ್ಲದ ಫ್ಯಾನನ್ನೇ ಕಟ್ಟಿಸಿದೆವು. ಇವರು ಮತ್ತೆ ಮೂಲೆಗೆ ಹೋಗಿ ಕೈಕಟ್ಟಿ ನಿಂತರು.

ಭಾನುವಾರ ಸಂಜೆ. ಬೆಳಿಗ್ಗೆಯೇ ಮಗಳು ಹೊಸ ಡಬ್ಬ ಜೋಡಿಸಿ, ಹಳೆಯದನ್ನು ಗುಜರಿಗೆ ಹಾಕಲೆಂದು ಬಾಗಿಲ ಹತ್ತಿರ ತಂದಿಟ್ಟಿದ್ದಳು. ನಾನು ಕಿಟಕಿಯ ಪರದೆ ಎಳೆದೆ. ಸೋಫಾದ ಮೇಲಿದ್ದ ಬಟ್ಟೆಯ ರಾಶಿ ತೆಗೆದೆ. ಹಾಕಿದ್ದು ಹಳೆಯ ನಗೆಚಿತ್ರ. ದೊಡ್ಡ ಬಂಗಲೆ, ಕಳುವಾದ ಸರ, ಮನೆ ತುಂಬ ನೆಂಟರು, ಕಳ್ಳ ಯಾರು ಎನ್ನುವುದು ಕೊನೆಯಲ್ಲಿ. ನಮ್ಮ ಮದುವೆಯ ಹೊಸದರಲ್ಲಿ ಇವರ ಮಂದಿರದಲ್ಲಿ ತಿಂಗಳುಗಟ್ಟಲೆ ಓಡಿತ್ತು. ನಾನು ಕೈಚೀಲದ ಜೊತೆ ನೋಡಿದ್ದೆ.

ಹೊಸ ಡಬ್ಬದ ಮೇಲೆ ಸಣ್ಣ ದೀಪ ಹತ್ತಿತು. ಸದ್ದು? ಊಹೂಂ. ನೆರೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು, ಡಬ್ಬದ್ದು ಕೇಳಲಿಲ್ಲ. ಚಿತ್ರವೋ ಕನ್ನಡಿಯ ಹಾಗೆ. ಇವರು ನನ್ನ ಪಕ್ಕ ಕೂತರು. ಕೈಚೀಲವನ್ನು ನೆಲಕ್ಕೆ ಇಳಿಸಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಮೊದಲ ದೃಶ್ಯ ಏನೆಂದೇ ನೋಡಲಿಲ್ಲ.

ನೆಂಟರೆಲ್ಲ ಇನ್ನೂ ಬಂಗಲೆಗೆ ಬಂದು ಮುಗಿದಿರಲಿಲ್ಲ, ಇವರು ಚಡಪಡಿಸಲು ಶುರು ಮಾಡಿದರು. ಮುಳ್ಳಿನ ಮೇಲೆ ಕೂತವರ ಹಾಗೆ ಅತ್ತ ಸರಿದರು, ಇತ್ತ ಸರಿದರು. ಒಮ್ಮೆ ಹಿಂದಕ್ಕೆ ತಿರುಗಿ ಗೋಡೆ ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಬೆಕ್ಕಿನ ಹೆಜ್ಜೆ ಇಟ್ಟು ಡಬ್ಬದ ಹತ್ತಿರ ಹೋಗಿ, ಅದರ ಮೈಮೇಲೆ ಅಂಗೈ ಇಟ್ಟು ನಿಂತರು.

"ರೀ! ಏನ್ ಮಾಡ್ತಿದ್ದೀರಿ?"

"ಏನಿಲ್ಲ. ಓಡ್ತಿದೆಯಾ ಅಂತ ನೋಡ್ದೆ."

"ಚಿತ್ರ ಕಾಣಿಸ್ತಿಲ್ವಾ? ಕಣ್ಣಿಗೇನಾಗಿದೆ?"

"ಕಾಣ್ತಿದೆ, ಕಾಣ್ತಿದೆ" ಎಂದು ಬಂದು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದರು. ಮತ್ತೆ ಅಂಗೈ. ಮೂರನೆಯ ಸಲ ಎದ್ದಾಗ ನನ್ನ ತಾಳ್ಮೆ ಕಿತ್ತು ಹೋಯಿತು. ರಿಮೋಟ್ ಎಳೆದುಕೊಂಡು ಸಿನಿಮಾ ನಿಲ್ಲಿಸಿದೆ.

"ನನ್ನ ಪಕ್ಕ ಕೂರೋಕೆ ನಿಮಗೆ ಅಷ್ಟು ಕಷ್ಟಾನಾ? ಹೇಳಿಬಿಡಿ. ಆಗ ಕೆಲಸ ಅಂತ ಸುಮ್ನಿದ್ದೆ. ಈಗ ಏನಿದೆ ನಿಮಗೆ? ನನ್ನ ಕಪಾಟು ತೆಗ್ಸಿದೆ, ಅಂಗಡಿ ಸುತ್ತಿದೆ, ಒಂದೊಂದು ಫ್ಯಾನಿಗೂ ಕಿವಿ ಕೊಟ್ಟು ಸತ್ತೆ. ಎಲ್ಲ ಯಾಕೆ? ನೀವು ಒಂದು ಸಿನಿಮಾ ಪೂರ್ತಿ ನನ್ನ ಜೊತೆ ನೋಡ್ಲಿ ಅಂತ!" ಮಾತು ಮುಗಿಯುವಷ್ಟರಲ್ಲಿ ಕೋಪ ಎಲ್ಲಿ ಹೋಯಿತೋ, ಅಳು ಬಂದುಬಿಟ್ಟಿತು. ಮಗಳು ಗಾಬರಿಯಾಗಿ ಅಪ್ಪನನ್ನೂ ನನ್ನನ್ನೂ ನೋಡುತ್ತಿದ್ದಳು.

ಇವರು ಡಬ್ಬದ ಹತ್ತಿರವೇ ನಿಂತಿದ್ದರು, ತಪ್ಪು ಸಿಕ್ಕಿಬಿದ್ದ ಮಗುವಿನ ಮುಖ. "ಹಾಗಲ್ವೇ" ಎಂದರು. "ಇದು ಸದ್ದೇ ಮಾಡಲ್ವಲ್ಲ. ಮಂದಿರದ ಕೋಣೇಲಿ ಮೆಷಿನ್ ಸದ್ದು ನಿಂತ್ರೆ ಅದರರ್ಥ ಫಿಲ್ಮ್ ಕಿತ್ತೋಗಿದೆ ಅಂತ. ಇನ್ನೇನು ಪರದೆ ಬೆಳ್ಳಗಾಗುತ್ತೆ, ಕೆಳಗಿರೋರು ಸಿಳ್ಳೆ ಹೊಡೀತಾರೆ. ಸದ್ದಿದ್ರೆ ಎಲ್ಲ ಸರಿಯಾಗಿದೆ ಅಂತ. ಈಗ ಇಲ್ಲಿ ಕೂತ್ರೆ, ಕಿವಿಗೆ ಏನೂ ಬೀಳ್ತಿಲ್ಲ, ಗುಂಡಿಗೆ ಧಸಕ್ ಧಸಕ್ ಅಂತಿದೆ. ನಿನ್ನ ಪಕ್ಕ ಕೂರೋಕೆ ಕಷ್ಟ ಅಂತ ಯಾರಂದ್ರು?"

ಮಧ್ಯಾಹ್ನದ ನಿದ್ದೆ ನೆನಪಾಯಿತು, "ಏನಾಯ್ತೇ?" ನೆನಪಾಯಿತು, ಅಂಗಡಿಯಲ್ಲಿ ಗುಂಯ್ ಎನ್ನುವ ಫ್ಯಾನಿನ ಮೇಲಿಟ್ಟ ಬೆರಳು ನೆನಪಾಯಿತು. ಹಳೆಯ ಡಬ್ಬದ ಮುಂದೆಯೂ ಇವರು ಎದ್ದದ್ದು ಚಿತ್ರ ನಿಂತಾಗಲೇ ಹೊರತು ಸದ್ದಿಗಲ್ಲ. ಅಯ್ಯೋ ನನ್ನ ಬುದ್ಧಿಯೇ! ಮನುಷ್ಯ ಬಾಯಿ ಬಿಟ್ಟು ಹೇಳಿದರೆ ಮೂವರೂ ಸೇರಿ ನಕ್ಕೆವಲ್ಲ.

"ಮೊದಲೇ ಹೇಳೋಕೇನಾಗಿತ್ತು ನಿಮಗೆ ರೋಗ?"

"ನೀನು ಅಷ್ಟು ಆಸೆಪಟ್ಟು ಆರಿಸ್ತಿದ್ದೆ" ಎಂದರು.

ಮಗಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು ಬಾಗಿಲಿಗೆ ಹೋಗಿ, ಗುಜರಿಗೆ ಹೊರಟಿದ್ದ ಹಳೆಯ ಡಬ್ಬವನ್ನು ಎಳೆದು ತಂದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನಮ್ಮ ಕಥೆ. ಅದರ ಬೆನ್ನಿನಿಂದ ಧೂಳು ಹಿಡಿದ ಫ್ಯಾನನ್ನು ಬಿಚ್ಚಿದಳು. ನಾನು ಚಿಂದಿಬಟ್ಟೆಯಿಂದ ಒರೆಸಿಕೊಟ್ಟೆ. ಇವರು ಟಾರ್ಚ್ ಹಿಡಿದರು. ಹೊಸ ಡಬ್ಬದ ಮುಂಭಾಗದಲ್ಲಿ ಒಂದು ಖಾಲಿ ಜಾಗವಿತ್ತು, ಅಲ್ಲಿ ಕೂರಿಸಿ ಸ್ಕ್ರೂ ಬಿಗಿದಳು. ಹಲ್ಲಿನ ಸಂದಿಯಲ್ಲಿ ಕೆಲಸ ಮಾಡಿದ ಬೆರಳು, ಕ್ಷಣದ ಕೆಲಸ. ಗುಂಡಿ ಒತ್ತಿದಳು.

ಗರ್ರ್ರ್ರ್.

ಹಿಟ್ಟಿನ ಗಿರಣಿ. ಮೂರು ಫ್ಯಾನಿನ ಕಾರ್ಡು ಮೌನ, ಎಸ್‌ಎಸ್‌ಡಿ ಮೌನ, ಸ್ಪಂಜಿನ ಅಸ್ತರಿ ಹಾಕಿದ್ದೆಲ್ಲ ದಂಡ. ಎಲ್ಲದರ ಮೇಲೆ ಈ ಒಂದು ಮುದಿ ಫ್ಯಾನಿನ ದರ್ಬಾರು. ಇವರ ಭುಜ ಮಾತ್ರ ಕೆಳಕ್ಕೆ ಇಳಿಯಿತು. "ಹಾಂ, ಓಡ್ತಿದೆ" ಎಂದು ಬಂದು ಸೋಫಾದಲ್ಲಿ ಬೆನ್ನು ಚಾಚಿ ಕೂತರು. ಇಷ್ಟು ವರ್ಷದಲ್ಲಿ ಇವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಮೊದಲಿಂದ ಹಾಕು" ಎಂದೆ ಮಗಳಿಗೆ.

ನೆಂಟರು ಬಂದರು, ಸರ ಕಳುವಾಯಿತು, ಒಬ್ಬರ ಮೇಲೊಬ್ಬರು ಅನುಮಾನ ಪಟ್ಟರು. ಮಂದಿರದ ಸುರುಳಿಗಳಿಂದಲೇ ತೆಗೆದ ಪ್ರತಿ ಇರಬೇಕು, ಒಂದು ಕಡೆ ಪರದೆಯ ಬಲಮೂಲೆಯಲ್ಲಿ ಆ ಚುಕ್ಕಿ ಫಳಕ್ಕೆಂದಿತು. ಇವರು ಎದ್ದೇ ಬಿಡುತ್ತಾರೆ ಅಂದುಕೊಂಡೆ. ಏಳಲಿಲ್ಲ. ಆದರೆ ಸೋಫಾದ ಮೇಲಿದ್ದ ನನ್ನ ಕೈಯನ್ನು ಗಬಕ್ಕನೆ ಹಿಡಿದು ತಮ್ಮ ಕಡೆಗೆ ಎಳೆದರು. ಮಂದಿರದ ಮೆಷಿನ್ನಿನ ಹಿಡಿ ಎಳೆಯುವ ಹಾಗೆಯೇ. ಎಳೆದದ್ದು ತಮಗೇ ಗೊತ್ತಾಗಿ, ನಾಚಿಕೊಂಡು ನನ್ನ ಮುಖ ನೋಡಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಪ್ರತಿ ಚುಕ್ಕಿಗೂ ಎಳೆದರು, ನಾನು ಸಿನಿಮಾ ಬಿಟ್ಟು ಆ ಮೂಲೆಯನ್ನೇ ಕಾಯುತ್ತಿದ್ದೆ.

ಕೊನೆಗೆ ಕಳ್ಳ ಸಿಕ್ಕಿಬಿದ್ದ. ಮನೆಯ ಮುದಿ ಮಾಲಿ, ಹೂಕುಂಡದಲ್ಲಿ ಸರ ಬಚ್ಚಿಟ್ಟಿದ್ದ. ನನಗೆ ಗೊತ್ತಿದ್ದದ್ದೇ, ಆದರೂ ನಕ್ಕೆ. ಪಕ್ಕಕ್ಕೆ ತಿರುಗಿದರೆ ಇವರು ಬಾಯಿ ಬಿಟ್ಟುಕೊಂಡು ಕೂತಿದ್ದಾರೆ.

"ಮಾಲಿಯಾ?" ಎಂದರು.

"ಯಾಕ್ರೀ, ತಿಂಗಳುಗಟ್ಟಲೆ ಓಡ್ಸಿದ್ದೀರಲ್ಲ ಇದನ್ನ?"

"ಕೊನೇ ಸುರುಳಿ ಏರ್ಸಿ, ಹಿಂದಿನದನ್ನೆಲ್ಲ ಸುತ್ತಿ ಡಬ್ಬಕ್ಕೆ ಹಾಕ್ತಿದ್ದೆ. ಮುಂದಿನ ಆಟಕ್ಕೆ ಸಿದ್ಧ ಆಗ್ಬೇಕಲ್ಲ. ಜನ ನಗೋದು ಕೇಳಿಸ್ತಿತ್ತು. ನಾನು ಅಂದ್ಕೊಂಡಿದ್ದೆ ಕಳ್ಳ ಸೋದರಮಾವ ಅಂತ." ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಗೊತ್ತಿತ್ತಲ್ಲ. ಒಂದಿನಾನೂ ಹೇಳ್ಲೇ ಇಲ್ವಲ್ಲೇ?" ಎಂದರು.

"ಸಿನಿಮಾ ನೋಡ್ತಾ ಪಕ್ಕದಲ್ಲಿದ್ದೋರಿಗೆ ತಾನೇ ರೀ ಹೇಳೋದು?"

ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ಪರದೆಯ ಮೇಲೆ ಹೆಸರುಗಳು ಏರುತ್ತಿದ್ದವು, ಮಗಳು ದೀಪ ಹಾಕಲು ಎದ್ದಳು. "ತಾಳೇ, ಇನ್ನೂ ಮುಗಿದಿಲ್ಲ" ಎಂದು ಗದರಿದೆ, ಅವಳು ನಕ್ಕು ಮತ್ತೆ ಕೂತಳು. ಫ್ಯಾನು ಗರ್ರೆನ್ನುತ್ತಲೇ ಇತ್ತು.